ಜಗಲಿಯ ಮೇಲಿನ ಬೂಟು

ಶ್ರಾವಣದಲ್ಲಿ ಅರಸೀಕೆರೆಯಿಂದ ಹಳೇಬೀಡು, ಹಗರೆ ಮೇಲೆ ಬೇಲೂರಿಗೆ ಮೂರು ದಿನ ನಡೆದು ಹೋಗುವ ಹುಚ್ಚು ನಮ್ಮ ಗುಂಪಿಗಿದೆ. ನಾನೂ ವರ್ಷಾವರ್ಷ ಹೊರಡುತ್ತೇನೆ, ಹಗರೆ ಮುಟ್ಟುವಷ್ಟರಲ್ಲಿ ಕಾಲೆಲ್ಲ ಬೊಬ್ಬೆ. ನಮ್ಮನೆಯವರು, ಶರತ್ಚಂದ್ರ, ನನ್ನನ್ನು ಬಸ್ಸು ಹತ್ತಿಸಿ ತಾವು ನಡೆದು ಬರುತ್ತಾರೆ. ಈ ಸಲ ಸತ್ತರೂ ಬಸ್ಸು ಹತ್ತುವುದಿಲ್ಲವೆಂದು ಹಟ ಹಿಡಿದಿದ್ದೆ.

ಅದಕ್ಕೇ ಹಗುರವಾದ ಓಟದ ಶೂ ಕೊಂಡೆ. ಅವರು ಕಣಕಾಲು ಮುಚ್ಚುವ ಬೂಟು ತಂದರು. ಅದರೊಳಗೆ ಒಂದು ಹನಿ ನೀರೂ ಇಳಿಯುವುದಿಲ್ಲವಂತೆ.

"ನಿನ್ನ ಶೂ ಜರಡಿ ಕಣೇ ಉಷಾ, ಮಳೇಲಿ ನೆನೆಯುತ್ತೆ."

"ನೆನೀಲಿ ಬಿಡ್ರೀ. ಬಂದ ದಾರೀಲೇ ನೀರು ಆಚೆ ಹೋಗುತ್ತೆ."

ಹಳೇಬೀಡಿನವರೆಗೆ ಅವರ ಮಾತೇ ಗೆದ್ದಿತು. ನನ್ನ ಕಾಲು ಪಚಪಚ ಅನ್ನುತ್ತಿತ್ತು, ಅವರು ಒಣಗಿದ ಕಾಲುಚೀಲ ತೋರಿಸಿ ಮೀಸೆ ತಿರುವಿದರು. ನನಗೆ ಹೊಟ್ಟೆ ಉರಿಯಿತು.

ಆದರೆ ನಮ್ಮ ಕಡೆ ನಡೆಯುವುದೆಂದರೆ ಬರೀ ನಡೆಯುವುದೇ? ದಾರಿಯುದ್ದಕ್ಕೂ ಗುಡಿಗಳು, ನೆಂಟರು. ಕೈ ಮುಗಿಯದೆ, ಕರೆದವರ ಮನೆಯಲ್ಲಿ ಕಾಫಿ ಕುಡಿಯದೆ ಮುಂದೆ ಹೋಗುವಂತಿಲ್ಲ. ನಾನು ಶೂ ಕಳಚಿ ಮಂಗಳಾರತಿ ತೆಗೆದುಕೊಂಡು ಬಂದರೂ ಇವರು ಇನ್ನೂ ಮೊದಲನೇ ಬೂಟಿನ ದಾರ ಬಿಚ್ಚುತ್ತಿರುತ್ತಿದ್ದರು.

ಹಗರೆಯಲ್ಲಿ ಗುಂಪು ಹೋಟೆಲಿನಲ್ಲಿ ಕೂತಿತು. ನಮ್ಮಿಬ್ಬರನ್ನು ಇವರ ಸೋದರತ್ತೆ ಗುರುಸಿದ್ದಮ್ಮ ಮನೆಗೆ ಕರೆದರು. ಇವರಿಗೆ ದಾರದ ಸಹವಾಸ ಸಾಕಾಗಿತ್ತು. "ಜಗಲಿ ಮೇಲೇ ಕುಡೀತೀನಿ ಅತ್ತೆ," ಎಂದರು.

"ಯಾಕಪ್ಪಾ, ನಮ್ಮನೆ ಹೊಸಿಲು ತುಳಿಯಕ್ಕೆ ಆಗಕಿಲ್ವಾ?" ಅತ್ತೆಯ ಮುಖ ಸಣ್ಣದಾಯಿತು.

ಇವರು ತೆಪ್ಪಗೆ ದಾರ ಬಿಚ್ಚಿ, ಬೂಟನ್ನು ಜಗಲಿಯ ಅಂಚಿನಲ್ಲಿ ನನ್ನ ಶೂ ಪಕ್ಕ ಇಟ್ಟು ಒಳಗೆ ಬಂದರು. ಕಾಫಿಯ ಜೊತೆ ಉಪ್ಪಿಟ್ಟೂ ಬಂತು, ಹೊರಗೆ ಮಳೆಯೂ ಬಂತು. ಎದ್ದು ಬಂದು ನೋಡಿದರೆ ಸೂರಿನ ನೀರು ನೇರ ಬೂಟಿಗೇ ಸುರಿದು ಎರಡೂ ತುಂಬಿದ್ದವು. ಹೊರಗಿನ ನೀರನ್ನು ಒಳಗೆ ಬಿಡದ ಬೂಟು ಒಳಗಿನದನ್ನು ಹೊರಗೆ ಬಿಡುತ್ತದೆಯೇ? ಚೊಂಬಿನ ಹಾಗೆ ಹಿಡಿದಿಟ್ಟುಕೊಂಡಿದ್ದವು. ನಾನು ಶೂ ಕೊಡವಿ ಹಾಕಿಕೊಂಡೆ. ಅವರು ನೀರು ಚೆಲ್ಲಿ ಹಾಕಿಕೊಂಡರೇನೋ ಸರಿ, ಬಸ್ ನಿಲ್ದಾಣ ಬರುವಷ್ಟರಲ್ಲಿ ಹಿಮ್ಮಡಿ ಸುಲಿದಿತ್ತು.

ಬೇಲೂರಿನ ಬಸ್ಸು ಬಂತು. "ಇಬ್ರೂ ಹತ್ತೋಣ ಕಣೇ," ಎಂದರು.

ಕನಿಕರವಾಯಿತು. ಇನ್ನೊಂದು ಗಳಿಗೆ ನಿಂತಿದ್ದರೆ ಹತ್ತಿಬಿಡುತ್ತಿದ್ದೆ. "ನೀವು ಹತ್ರೀ. ನಾನು ಗುಂಪಿನ ಜೊತೆ ಬರ್ತೀನಿ," ಎಂದು ತಿರುಗಿ ನೋಡದೆ ನಡೆದೆ.

ಬೇಲೂರು ಮುಟ್ಟಿದಾಗ ಸಂಜೆಯಾಗಿತ್ತು. ನನಗೂ ಬೊಬ್ಬೆ ಎದ್ದಿತ್ತು, ಆದರೂ ಕಾಲು ನಿಂತಿರಲಿಲ್ಲ. ರಸ್ತೆ ಬದಿಯಲ್ಲಿ ಇವರು ಬರಿಗಾಲಲ್ಲಿ ನಿಂತು, ಗುರುತೇ ಇಲ್ಲದ ಎಳನೀರಿನವನಿಗೆ ನನ್ನ ಕಡೆ ಕೈ ತೋರಿಸುತ್ತಿದ್ದರು. "ಅಗೋ, ನಮ್ಮ ಮನೆಯೋಳು. ಅರಸೀಕೆರೆಯಿಂದ ನಡ್ಕೊಂಡೇ ಬಂದವ್ಳೆ."

ನನಗೆ ಎಷ್ಟು ಖುಷಿಯಾಯಿತೆಂದರೆ, ಬೂಟಿನ ಬಗ್ಗೆ ಆಡಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು.