ಅಕ್ಕನ ಮನೆಯವರು

"ಸ್ವಲ್ಪ ಹಿಂದಕ್ಕೆ ಬಿಡಿ. ಬಿಡಿ, ಬಿಡಿ... ಸಾಕು. ಈಗ ಎಡಕ್ಕೆ ಪೂರ್ತಿ ತಿರುಗಿಸಿ," ಎನ್ನುತ್ತ ಗಡ್ಡದ ಡ್ರೈವರ್ ಕೆಳಗಿನ ಮೆಟ್ಟಿಲ ಮೇಲೆ ನಿಂತು ಕೈಸನ್ನೆ ಮಾಡುತ್ತಿದ್ದ. ಮೂರನೆಯ ಮಹಡಿಯಿಂದ ಇಳಿಯುತ್ತಿದ್ದ ಶವಪೆಟ್ಟಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತವರು ಆರು ಜನ. ಅವರಲ್ಲಿ ಐವರು ಶಾಲಾ ಬಸ್ಸಿನ ಡ್ರೈವರುಗಳು. ಆರನೆಯವನು ಸತ್ತವಳ ತಮ್ಮ. ಔಷಧದಂಗಡಿಯ ಗಲ್ಲಾದ ಹಿಂದೆ ಮೂವತ್ತು ವರ್ಷ ಕೂತವನಿಗೆ ಭಾರ ಹೊತ್ತು ಅಭ್ಯಾಸವಿರಲಿಲ್ಲ. ಅವನ ಮೊಣಕೈ ಗೋಡೆಗೆ ಉಜ್ಜಿ ತರಚಿತ್ತು.

"ಹಿಂದೆ ಗೋಡೆ ಇದೆ ಕಣಯ್ಯಾ," ಎಂದ ಮೇಲಿದ್ದವನೊಬ್ಬ.

"ಗೊತ್ತು. ಇನ್ನೂ ನಾಲ್ಕು ಬೆರಳು ಜಾಗ ಇದೆ. ಅಕ್ಕ ಇದ್ದಿದ್ರೆ ಒಂದೇ ಸಲಕ್ಕೆ ತೆಗೀತಿದ್ರು."

ಯಾರೂ ನಗಲಿಲ್ಲ. ಆದರೆ ಎಲ್ಲರ ಉಸಿರೂ ಒಂದಿಷ್ಟು ಸಡಿಲವಾಯಿತು. ಪೆಟ್ಟಿಗೆ ತಿರುಗಿತು.

ಡಿಪೋದಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಅವಳು ಅಕ್ಕನೇ ಆಗಿದ್ದಳು. ಇಪ್ಪತ್ತಾರು ವರ್ಷ ಒಂದೇ ಶಾಲೆಗೆ ಬಸ್ಸು ಓಡಿಸಿದವಳು. ಮಂಗಳವಾರ ಸಂಜೆ ಕೊನೆಯ ಮಗುವನ್ನು ಮನೆಯ ಮುಂದೆ ಇಳಿಸಿ, ಇನ್ನೂರು ಗಜ ಮುಂದೆ ಹೋಗಿ, ಬಸ್ಸನ್ನು ರಸ್ತೆಯ ಪಕ್ಕಕ್ಕೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಿದ್ದಳು. ಎಚ್ಚರಿಕೆಯ ದೀಪಗಳನ್ನೂ ಹಾಕಿದ್ದಳು. ಹಿಂದಿನಿಂದ ಬಂದ ಗಾಡಿಯವನು ಇಳಿದು ನೋಡಿದಾಗ ತಲೆ ಸ್ಟಿಯರಿಂಗ್ ಮೇಲಿತ್ತು.

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದ ಮೇಲೆ ಒಬ್ಬ ಹೆಂಗಸು ಮೆಟ್ಟಿಲಿಳಿದು ನೇರ ತಮ್ಮನ ಬಳಿಗೆ ಬಂದಳು. ಆ ಮೂರನೆಯ ಮಹಡಿಯ ಮನೆಯಲ್ಲಿ ಅಕ್ಕನ ಜೊತೆ ಇಪ್ಪತ್ತೆರಡು ವರ್ಷ ಬಾಳಿದವಳು ಆಕೆ.

"ಚಿತಾಗಾರದಲ್ಲಿ ಮಾತಾಡೋದು ನೀವೇ ಅಲ್ವಾ?"

"ನಾನೇ. ನೀವು ಮಾತಾಡೋದಾದ್ರೆ..."

"ಬೇಡ. ನೀವೇ ಮಾತಾಡ್ಬೇಕು ಅಂತ ಅವಳೇ ಹೇಳಿದ್ಲು. ಹೋದ ವರ್ಷ ಡಿಪೋದಲ್ಲಿ ಯಾರೋ ತೀರಿಕೊಂಡಾಗ ಮಾತು ಬಂತು. ನನ್ನ ಸರದಿ ಬಂದಾಗ ತಮ್ಮನೇ ಮಾತಾಡ್ಲಿ, ಮೊದಲನೇ ಸಲ ಫೇಲಾದೋರಿಗೂ ಇನ್ನೊಂದು ಸಲ ಲೈಸೆನ್ಸ್ ಟೆಸ್ಟ್ ಕೊಡ್ತಾರೆ ಅಂದ್ಲು." ಆಕೆ ಮುಂದುವರಿಸಿದಳು, "ನನ್ನದು ಒಂದೇ ಮಾತು. ನನ್ನ ಬಗ್ಗೆ ಏನೂ ಹೇಳದಿದ್ರೂ ನಡೆಯುತ್ತೆ. ನರ್ಸ್ ಅಂತ ಮಾತ್ರ ಅನ್ಬೇಡಿ."

"ಇಲ್ಲ ಇವರೇ, ಹಾಗೆಲ್ಲ ಅನ್ನಲ್ಲ."

ಇಷ್ಟು ವರ್ಷಗಳಲ್ಲಿ ತಮ್ಮ ಆಕೆಯನ್ನು ಕರೆದದ್ದೆಲ್ಲ ಹೀಗೇ, 'ಇವರೇ' ಎಂದು. ಅತ್ತಿಗೆ ಎನ್ನಲು ಬಾಯಿ ಬಂದಿರಲಿಲ್ಲ, ಹೆಸರು ಹಿಡಿದು ಕರೆಯಲು ಸಲುಗೆ ಇರಲಿಲ್ಲ. ಅವನ ಕೋಟಿನ ಒಳಜೇಬಿನಲ್ಲಿ ಬರೆದಿಟ್ಟುಕೊಂಡ ಹಾಳೆಯಿತ್ತು. ಅದರಲ್ಲಿ ನರ್ಸ್ ಎಂಬ ಪದವಿರಲಿಲ್ಲ. ಆಕೆಯ ಸುದ್ದಿಯೇ ಇರಲಿಲ್ಲ.

*

ಇಪ್ಪತ್ತೆರಡು ವರ್ಷಗಳ ಹಿಂದಿನ ಒಂದು ಭಾನುವಾರ ಅಕ್ಕ ಆಕೆಯನ್ನು ಮೊದಲ ಬಾರಿ ಊಟಕ್ಕೆ ಕರೆತಂದಿದ್ದಳು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಮೇಜಿನ ಒಂದು ಕಡೆ ಅಮ್ಮ ಮತ್ತು ತಮ್ಮ, ಎದುರಿಗೆ ಅವರಿಬ್ಬರು. ಆಕೆ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಮನೆ ರೈಲು ಹಳಿಯ ಆಚೆ ಬದಿ. ಅಲ್ಲಿಯವರು ಅಜ್ಜಂದಿರ ಕಾಲದಲ್ಲಿ ದುಡಿಯಲೆಂದು ಕಡಲು ದಾಟಿ ಬಂದು ನೆಲೆಸಿದ ಕಪ್ಪು ಜನ. ಮೂರು ತಲೆಮಾರು ಕಳೆದು, ಇಲ್ಲಿಯ ಮಾತೇ ಮನೆಮಾತಾದ ಮೇಲೂ ನಿಮ್ಮೂರು ಯಾವುದು ಎಂದು ಕೇಳಿಸಿಕೊಳ್ಳುವುದು ಅವರಿಗೆ ತಪ್ಪಿರಲಿಲ್ಲ. ಅಮ್ಮನೂ ಕೇಳಿದಳು.

"ಇದೇ ಊರು," ಎಂದಳು ಆಕೆ.

"ಅದಲ್ಲಮ್ಮ, ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ ನಾನು ಹುಟ್ಟಿರ್ಲಿಲ್ಲ."

ತಮ್ಮನಿಗೆ ನಗು ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡ.

ಸುತ್ತಿ ಬಳಸಿ ಮಾತಾಡುವುದು ಅಕ್ಕನ ಜಾಯಮಾನವಲ್ಲ. ಸುತ್ತುದಾರಿ ಹಿಡಿದರೆ ಡೀಸೆಲ್ ದಂಡ ಎನ್ನುವವಳು. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅಮ್ಮಾ, ನಾವಿಬ್ರೂ ಜೊತೆಗೆ ಸಂಸಾರ ಮಾಡೋಣ ಅಂತಿದೀವಿ. ಬರೀ ಗೆಳತಿಯರಾಗಿ ಅಲ್ಲ. ಗಂಡ ಹೆಂಡ್ತಿ ಇರ್ತಾರಲ್ಲ, ಹಾಗೆ. ನಿನ್ನ ಮುಖ ಸಪ್ಪಗಾಯ್ತು. ಇವಳು ಹೆಂಗಸು ಅಂತಾನೋ, ಕಪ್ಪು ಅಂತಾನೋ, ಬಾಯಿಬಿಟ್ಟು ಹೇಳ್ಬಿಡು. ಯಾವುದು ಅಂತ ಗೊತ್ತಾದ್ರೆ ಅದನ್ನೇ ಕೂತು ಮಾತಾಡೋಣ."

"ಊಟ ಆರಿಹೋಗ್ತಿದೆ," ಎಂದಳು ಅಮ್ಮ.

ಅವರಿಬ್ಬರೂ ಹೋದ ಮೇಲೆ ಅಡುಗೆಮನೆಯಲ್ಲಿ ಅಮ್ಮ ತಟ್ಟೆಗಳನ್ನು ತೊಳೆದಳು. ಆಕೆ ಉಂಡ ತಟ್ಟೆಯನ್ನು ಎರಡು ಸಲ ತೊಳೆದಳು. ತಮ್ಮ ಒರೆಸುತ್ತ ನಿಂತಿದ್ದ.

"ಅವಳು ಮೊದಲಿಂದಲೂ ಹಾಗೇ ಅಂತ ನನಗೇನು ಗೊತ್ತಿಲ್ವಾ," ಎಂದಳು ಅಮ್ಮ. "ನಮ್ಮ ಬಣ್ಣದೋಳನ್ನೇ ಹುಡುಕ್ಕೊಂಡಿದ್ರೆ ದೂರದ ನೆಂಟಳು ಅಂತಾದ್ರೂ ಹೇಳ್ಕೋಬಹುದಿತ್ತು. ಕೇಳೋರಿಗೆ ಇವಳು ಯಾರು ಅಂತ ಹೇಳ್ಲಿ?"

"ನರ್ಸ್ ಅಂತ ಹೇಳು," ಎಂದ ತಮ್ಮ. "ನಿನ್ನ ಬಿ.ಪಿ. ನೋಡೋಕೆ ಬರ್ತಾಳೆ ಅಂದ್ರಾಯ್ತು. ಸುಳ್ಳೇನೂ ಅಲ್ವಲ್ಲ."

ಅಮ್ಮನ ಮನಸ್ಸು ಹಗುರ ಮಾಡಲೆಂದು ಆಡಿದ ಮಾತು. ಅಮ್ಮನಿಗೆ ಅದು ಹಿಡಿಸಿಬಿಟ್ಟಿತು.

*

ಚಿತಾಗಾರದ ಸಭಾಂಗಣದಲ್ಲಿ ಕುರ್ಚಿಗಳನ್ನು ಒಂಬತ್ತು ಸಾಲು ಹಾಕಿದ್ದರು. ಮಧ್ಯದ ಸಾಲುಗಳನ್ನು ಡ್ರೈವರುಗಳು, ಟೀಚರುಗಳು, ಅವಳ ಬಸ್ಸಿನಲ್ಲಿ ಓಡಾಡಿ ಈಗ ದೊಡ್ಡವರಾದವರು ತುಂಬಿದ್ದರು. ಆಕೆಯ ಕಡೆಯವರು, ಅಂದರೆ ಮುದುಕಿ ತಾಯಿ, ಅಣ್ಣ, ಆಸ್ಪತ್ರೆಯ ನಾಲ್ಕೈದು ಜನ, ಯಾರೂ ಹೇಳದಿದ್ದರೂ ಕೊನೆಯ ಸಾಲಿನಲ್ಲಿ ಹೋಗಿ ಕೂತಿದ್ದರು.

ಆಕೆ ಮುಂದಿನ ಸಾಲಿಗೆ ಬಂದಾಗ ಸೋದರಮಾವ ಕೈ ಅಡ್ಡ ಹಿಡಿದರು. ಎಂಬತ್ತರ ಹತ್ತಿರದ ವಯಸ್ಸು, ಅಮ್ಮನ ನಂತರ ಮನೆತನಕ್ಕೆ ಅವರೇ ಹಿರಿಯರು.

"ಇದು ಮನೆಯವರಿಗಮ್ಮ. ನಿಮಗೆ ಅಲ್ಲಿ ಹಿಂದೆ ಜಾಗ ಇದೆ."

ದನಿ ಒರಟಾಗಿರಲಿಲ್ಲ. ದಾರಿ ಕೇಳಿದವರಿಗೆ ದಾರಿ ತೋರಿಸುವ ಹಾಗಿತ್ತು. ಆಕೆ ತಮ್ಮನ ಕಡೆ ನೋಡಿದಳು. ತಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಒರೆಸಿ ಹಾಕಿಕೊಳ್ಳುವ ಹೊತ್ತಿಗೆ ಆಕೆ ಕೊನೆಯ ಸಾಲು ತಲುಪಿ ತಾಯಿಯ ಪಕ್ಕ ಕೂತಾಗಿತ್ತು.

ಮೊದಲು ಗಡ್ಡದ ಡ್ರೈವರ್ ಮಾತಾಡಿದ. ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದಿದ್ದ.

"ಒಂದಿನ ಬಸ್ಸಲ್ಲಿ ಒಂದು ಮಗು ಇನ್ನೊಂದಕ್ಕೆ ನನ್ನ ಪಕ್ಕ ಕೂರಬೇಡ, ನಿನ್ನ ಬಣ್ಣ ಹತ್ಕೊಳುತ್ತೆ ಅಂತಂತೆ. ಅಕ್ಕ ಬಸ್ ನಿಲ್ಲಿಸಿ ಕೀ ತೆಗೆದುಬಿಟ್ರು. ಯಾರನ್ನೂ ಬೈಲಿಲ್ಲ. ಬಣ್ಣ ಹತ್ತುತ್ತೆ ಅಂತ ಯಾರು ಹೇಳಿದ್ರು, ಎಲ್ಲಿ ಕೇಳಿದೆ, ಬಾ ಉಜ್ಜಿ ನೋಡೋಣ ಅಂತ ನಲವತ್ತು ಮಕ್ಕಳನ್ನೂ ಕೂರಿಸ್ಕೊಂಡು ಮಾತಾಡಿದ್ರು. ಶಾಲೆಗೆ ಮುಕ್ಕಾಲು ಗಂಟೆ ಲೇಟು. ಮೇಲಿನೋರು ಕಾರಣ ಬರ್ಕೊಡಿ ಅಂದ್ರು. ಅಕ್ಕ ಏನು ಬರೆದ್ರು ಗೊತ್ತಾ? ದಾರಿಯಲ್ಲಿ ಅಡಚಣೆ ಇತ್ತು, ತೆರವು ಮಾಡಿ ಬಂದೆ ಅಂತ."

ಮಧ್ಯದ ಸಾಲುಗಳಲ್ಲಿ ನಗು ಎದ್ದು ಅಡಗಿತು. ಡ್ರೈವರ್ ಮೈಕನ್ನು ತಮ್ಮನ ಕೈಗೆ ಕೊಟ್ಟ.

*

ಐದು ವರ್ಷಗಳ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಬಡಿದಿತ್ತು. ಹಾಸಿಗೆ ಹಿಡಿದದ್ದು ಹನ್ನೊಂದು ತಿಂಗಳು. ಅಷ್ಟು ದಿನವೂ ಆಕೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬರುತ್ತಿದ್ದಳು. ಮಗ್ಗುಲು ಹೊರಳಿಸುವುದು, ಬೆನ್ನು ಒರೆಸಿ ಪೌಡರು ಹಾಕುವುದು, ಉಗುರು ಕತ್ತರಿಸುವುದು ಎಲ್ಲ ಆಕೆಯದೇ. ಕೊನೆಕೊನೆಗೆ ತಮ್ಮ ತುತ್ತು ಹಿಡಿದರೆ ತುಟಿ ಬಿಗಿಯುತ್ತಿದ್ದ ಅಮ್ಮ, ಆಕೆ ಹಿಡಿದರೆ ಬಾಯಿ ತೆರೆಯುತ್ತಿದ್ದಳು. ಆಕೆ ಬರುವುದು ತಡವಾದರೆ ಬಾಗಿಲನ್ನೇ ನೋಡುತ್ತಿದ್ದಳು. ಆದರೂ ನೋಡಲು ಬಂದವರು ಇವರು ಯಾರು ಎಂದು ಕೇಳಿದರೆ ಉತ್ತರ ಒಂದೇ. ಅರ್ಧ ಸೋತ ನಾಲಿಗೆಯಲ್ಲಿ ಉಳಿದ ಮಾತೆಲ್ಲ ತೊದಲುತ್ತಿತ್ತು. 'ನರ್ಸು' ಎಂಬುದು ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಅಮ್ಮ ಹೋದಾಗ ಇದೇ ಸಭಾಂಗಣದಲ್ಲಿ ನಿಂತು ತಮ್ಮ ಎಲ್ಲರಿಗೂ ವಂದನೆ ಹೇಳಿದ್ದ. ಡಾಕ್ಟರಿಗೆ, ನೆರೆಹೊರೆಯವರಿಗೆ, ಕಡೆಗೆ "ಮನೆಗೇ ಬಂದು ನೋಡಿಕೊಂಡ ನರ್ಸ್‌ಗೂ ನಾವು ಋಣಿ" ಎಂದಿದ್ದ. ಅಲ್ಲಿದ್ದ ಒಂದೇ ಒಂದು ಕಪ್ಪು ಮುಖದ ಕಡೆಗೆ ಜನ ತಿರುಗಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅಕ್ಕ ಎದ್ದು ಆಕೆಯ ಕೈ ಹಿಡಿದುಕೊಂಡು ಹೊರನಡೆದಳು.

ಮೂರು ದಿನ ಬಿಟ್ಟು ಅವಳು ಬಸ್ಸನ್ನು ಔಷಧದಂಗಡಿಯ ಮುಂದೆ ನಿಲ್ಲಿಸಿ ಒಳಗೆ ಬಂದಳು. ಇಬ್ಬರು ಗಿರಾಕಿಗಳಿದ್ದರು.

"ಒಳಗಡೆ ಬಾ ಅಕ್ಕ, ಕೂತ್ಕೊಂಡು ಮಾತಾಡೋಣ."

"ಬೇಡ. ಇವರೂ ಕೇಳ್ಲಿ. ಅಮ್ಮ ಏನಂದ್ರೂ ನಾನು ಸಹಿಸ್ಕೊಂಡೆ. ಅವಳು ವಯಸ್ಸಾದೋಳು, ಹೆದರ್ತಿದ್ಲು. ನೀನು ಯಾರಿಗೋ ಹೆದರೋದು?"

"ಹೆದರಿಕೆ ಅಂತಲ್ಲ ಅಕ್ಕ. ನಾಲ್ಕು ಜನ ಏನಂತಾರೆ ಅಂತ..."

"ಯಾವ ನಾಲ್ಕು ಜನ? ಹೆಸರು ಹೇಳು. ನಾನೇ ಹೋಗಿ ಮಾತಾಡ್ಕೊಂಡು ಬರ್ತೀನಿ."

ತಮ್ಮನಿಗೆ ನಾಲ್ಕಿರಲಿ, ಒಂದು ಹೆಸರೂ ಬಾಯಿಗೆ ಬರಲಿಲ್ಲ. ಅವಳು ಕಾದಳು. ಗಿರಾಕಿಗಳೂ ಕಾದರು. ಆಮೇಲೆ ಅವಳು ಬಸ್ಸು ಹತ್ತಿ ಹೋದಳು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಅಂಗಡಿಯ ಮುಂದೆ ಹಾರ್ನ್ ಒತ್ತಿ ಹೋಗುತ್ತಿದ್ದ ಬಸ್ಸು, ಅಂದಿನಿಂದ ನಾಲ್ಕು ವರ್ಷ ಸುಮ್ಮನೆ ಹಾದುಹೋಯಿತು.

*

ತಮ್ಮ ಹಾಳೆ ಬಿಡಿಸಿ ಮೊದಲ ಸಾಲು ಓದಿದ. "ಅಕ್ಕ ಮದುವೆಯಾಗದೆ ಒಂಟಿಯಾಗಿದ್ದು, ಶಾಲೆಯ ಮಕ್ಕಳಲ್ಲೇ ಬದುಕಿನ ಸಾರ್ಥಕ್ಯ ಕಂಡರು."

ಮಧ್ಯದ ಸಾಲುಗಳಲ್ಲಿ ಒಂದೆರಡು ತಲೆಗಳು ತಗ್ಗಿದವು. ಗಡ್ಡದ ಡ್ರೈವರ್ ಅವನನ್ನೇ ನೋಡುತ್ತಿದ್ದ. ತಮ್ಮ ಎರಡನೆಯ ಸಾಲು ಓದಲು ಬಾಯಿ ತೆರೆದ, ಮುಚ್ಚಿದ.

"ಇದು ಸುಳ್ಳು," ಎಂದ. "ಅವಳು ಒಂಟಿಯಾಗಿರ್ಲಿಲ್ಲ."

ಮೈಕಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು.

"ನಾಲ್ಕು ವರ್ಷದ ಹಿಂದೆ ನಮ್ಮಮ್ಮನ ಅಂತ್ಯಸಂಸ್ಕಾರದ ದಿನಾನೂ ನಾನು ಇಲ್ಲೇ ನಿಂತು ಮಾತಾಡಿದ್ದೆ. ಒಬ್ಬರನ್ನ ನರ್ಸ್ ಅಂದೆ. ಮನೆಯಲ್ಲಿ ಆ ಮಾತು ಹುಟ್ಟಿಸಿದೋನೂ ನಾನೇ. ಅಮ್ಮ ಅಲ್ಲ."

"ಕೂತ್ಕೊಳೋ," ಎಂದರು ಸೋದರಮಾವ, ಮೆಲ್ಲಗೆ. "ಇದೆಲ್ಲ ಇಲ್ಲಿ ಬೇಕಾ?"

"ಇಲ್ಲೇ ಬೇಕು ಮಾವ. ಇಲ್ಲೇ ಅಂದಿದ್ದು."

"ಸತ್ತೋಳ ಮಾನ ತೆಗೀತಿದೀಯ."

"ಅವಳು ಯಾವತ್ತೂ ಮುಚ್ಚಿಟ್ಟೋಳಲ್ಲ ಮಾವ. ಮುಚ್ಚಿಟ್ಟಿದ್ದು ನಾವು." ತಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿದ. "ಅಕ್ಕ ಹೆಂಗಸಿನ ಜೊತೆ ಬಾಳ್ತಾಳೆ ಅನ್ನೋದು ನನಗೆ ಅಷ್ಟೇನೂ ಕಷ್ಟ ಆಗ್ಲಿಲ್ಲ. ಗೆಳತಿ ಅಂತ ಹೇಳಿ ಸುಮ್ಮನಿರಬಹುದಿತ್ತು. ಬಣ್ಣ ಮುಚ್ಚಿಡೋಕಾಗಲ್ಲ. ಬಾಗಿಲಲ್ಲಿ ನಿಂತ್ರೆ ಎಲ್ರಿಗೂ ಕಾಣುತ್ತೆ. ಅದಕ್ಕೇ ನಾನು ಅವರಿಗೆ ಕೆಲಸದೋರ ಹೆಸರು ಕೊಟ್ಟೆ. ಕೆಲಸಕ್ಕೆ ಬಂದಿದಾರೆ ಅಂದ್ರೆ ಕಪ್ಪಗಿದ್ರೂ ಯಾರೂ ಏನೂ ಕೇಳಲ್ಲ. ನಾನು ಅಂಥ ಮನುಷ್ಯ ಅಲ್ಲ ಅಂತಾನೇ ಅಂದ್ಕೊಂಡಿದ್ದೆ. ನಾನು ಅಂಥೋನೇ."

ಸೋದರಮಾವ ಕೋಲು ಊರಿ ಎದ್ದರು. ಅವರ ಹಿಂದೆ ಇಬ್ಬರು ನೆಂಟರು ಎದ್ದರು. ಮೂರನೆಯವಳು ಅರ್ಧ ಎದ್ದು, ಗಂಡನ ಮುಖ ನೋಡಿ, ಮತ್ತೆ ಕೂತಳು. ಬಾಗಿಲು ಮುಚ್ಚುವವರೆಗೆ ತಮ್ಮ ಕಾದ.

"ಮುಂದಿನ ಸಾಲು ಮನೆಯವರಿಗೆ ಅಂತ ಈಗ ಮಾವ ಹೇಳಿದ್ರು. ಸರಿಯಾಗೇ ಹೇಳಿದ್ರು. ನಮ್ಮಕ್ಕನ ಮನೆಯವರು ಅಲ್ಲಿ ಕೊನೇ ಸಾಲಲ್ಲಿ ಕೂತಿದಾರೆ. ನನ್ನ ಹೆಂಡತಿ ನಾಲ್ಕು ಜನರ ಮುಂದೆ ನನ್ನನ್ನ ಮನೆಯವರು ಅಂತಾಳಲ್ಲ, ಅದೇ ಅರ್ಥದಲ್ಲಿ. ನನ್ನ ಮದುವೆಗಿಂತ ಅವರ ಸಂಸಾರ ಎರಡು ವರ್ಷ ಹಳೇದು. ನನಗಿಂತ ಚೆನ್ನಾಗಿ ನಡೆಸಿದಾರೆ."

ಎಲ್ಲರೂ ಹಿಂದಕ್ಕೆ ತಿರುಗಿದರು. ಆಕೆ ಏಳಲಿಲ್ಲ. ಕೈ ಮಡಿಲಲ್ಲಿತ್ತು, ಕಣ್ಣು ಪೆಟ್ಟಿಗೆಯ ಮೇಲಿತ್ತು. ಮುಂದೆ ಬನ್ನಿ ಎಂದು ತಮ್ಮ ಕರೆಯಬೇಕೆಂದುಕೊಂಡ, ಕರೆದರೆ ಮತ್ತೆ ಎಲ್ಲರೂ ನೋಡುತ್ತಾರೆಂದು ಸುಮ್ಮನಾದ. ಮೈಕನ್ನು ಎಲ್ಲಿಡಬೇಕೋ ತಿಳಿಯದೆ ಕುರ್ಚಿಯ ಮೇಲಿಟ್ಟ. ಅದು ಉರುಳಿ ದೊಡ್ಡ ಸದ್ದು ಮಾಡಿತು.

ಪೆಟ್ಟಿಗೆಯನ್ನು ಒಳಗೆ ಸರಿಸುವ ಮುನ್ನ ಆಕೆ ಎದ್ದು ಬಂದಳು. ಮುಚ್ಚಳದ ಮೇಲೆ ಅಂಗೈ ಇಟ್ಟು, ಜ್ವರ ನೋಡುವಷ್ಟು ಹೊತ್ತು ನಿಂತು, ತೆಗೆದಳು.

*

ಪಕ್ಕದ ಕೋಣೆಯಲ್ಲಿ ಟೀ ಇಟ್ಟಿದ್ದರು. ಡ್ರೈವರುಗಳು ನಿಂತೇ ಕುಡಿದು, ಮಧ್ಯಾಹ್ನದ ಟ್ರಿಪ್ಪಿಗೆ ಹೊತ್ತಾಯಿತೆಂದು ಒಬ್ಬೊಬ್ಬರೇ ಹೊರಟರು. ಶಾಲೆ ರಜೆ ಕೊಟ್ಟಿರಲಿಲ್ಲ. ತಮ್ಮನ ಹೆಂಡತಿ ಎದ್ದುಹೋದ ಸೋದರಮಾವನಿಗೆ ಫೋನು ಮಾಡಲು ಹೊರಗೆ ಹೋಗಿದ್ದಳು. ತಮ್ಮ ಟೀ ಹಿಡಿದುಕೊಂಡು ಆಕೆಯ ಬಳಿ ಬಂದ.

"ನಾನು..." ಎಂದ.

"ಕೇಳಿಸ್ಕೊಂಡೆ," ಎಂದಳು ಆಕೆ. "ಇದನ್ನೇ ನಾಲ್ಕು ವರ್ಷದ ಹಿಂದೆ ಹೇಳಿದ್ರೆ ಅವಳು ಭಾನುವಾರ ನಿಮ್ಮನೆಗೆ ಬರ್ತಿದ್ಲು. ಭಾನುವಾರ ಆದ್ರೆ ಸಾಕು, ಏನು ಮಾಡ್ಬೇಕು ಅಂತ ಗೊತ್ತಾಗದೆ ಕಿಟಕಿ ಗಾಜು ಒರೆಸ್ತಾ ಕೂರ್ತಿದ್ಲು."

"ಹೌದು."

"ಟೆಸ್ಟ್ ಪಾಸಾದ್ರಿ ಅಂತ ಹೇಳೋಕೆ ಅವಳಿಲ್ಲ. ನಾನು ಹೇಳೋದಕ್ಕಾಗಲ್ಲ."

"ಬೇಡ. ಅದಕ್ಕೆ ಬಂದಿಲ್ಲ ನಾನು."

"ಮತ್ತೆ?"

ತಮ್ಮ ಟೀ ಲೋಟವನ್ನು ಇನ್ನೊಂದು ಕೈಗೆ ಬದಲಿಸಿದ. "ನಿಮ್ಮ ತಾಯಿಯನ್ನ ಒಂದು ಸಲ ಮಾತಾಡಿಸಿ ಹೋಗೋಣ ಅಂತ," ಎಂದ. ಇಷ್ಟು ವರ್ಷಗಳಲ್ಲಿ ಅವರನ್ನು ಅವನು ಮಾತಾಡಿಸಿರಲಿಲ್ಲ.

ಆಕೆ ಕೈಯಿಂದ ಮೂಲೆಯ ಮೇಜು ತೋರಿಸಿದಳು, ಜೊತೆಗೆ ಬರಲಿಲ್ಲ. ಅಲ್ಲಿ ಮುದುಕಿ ಒಬ್ಬಳೇ ಕೂತು, ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದಳು. ಪಕ್ಕದ ಕುರ್ಚಿಯ ಮೇಲೆ ಅವಳ ಕರಿಯ ಕೈಚೀಲವಿತ್ತು.

"ಅಮ್ಮಾ, ಕೂತ್ಕೊಳ್ಳಲಾ?" ಎಂದ ತಮ್ಮ.

ಮುದುಕಿ ತಲೆಯೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಸ್ಕತ್ತು ಕೆಳಗಿಟ್ಟು, ಬೆರಳು ಒರೆಸಿಕೊಂಡು, ಕೈಚೀಲವನ್ನು ಎತ್ತಿ ಕುರ್ಚಿ ತೆರವು ಮಾಡಿದಳು. ತಮ್ಮ ಕೂತ. ಮುದುಕಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅದರ ಜಿಪ್ಪನ್ನು ಕೊನೆಯವರೆಗೆ ಎಳೆದು, ಎರಡೂ ಕೈಗಳಿಂದ ಅದನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

"ಟೀ ಆರುತ್ತೆ, ಕುಡಿ," ಎಂದಳು.