ಸುಳ್ಳು ಅಳತೆ

ನನಗೆ ಸಿಟ್ಟು ಬಂದರೆ ಮೊದಲು ಹೊಲಿಗೆ ಮಿಷನ್ನಿಗೆ ಗೊತ್ತಾಗುತ್ತದೆ. ಆ ದಿನ ಮಧ್ಯಾಹ್ನದೊಳಗೆ ಮೂರು ಸೂಜಿ ಮುರಿದಿದ್ದೆ.

ಕಾರಣ, ಡಾಕ್ಟರು ಕೊಟ್ಟ ಹಾಳೆ. ನಾವು ಬುಗುರಿ ಅಂತ ಕರೆಯುವ ಎಂಟು ವರ್ಷದ ನನ್ನ ಮಗಳಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಇರಬಹುದಂತೆ. ಟೀಚರ್ ತಮ್ಮ ಹಾಳೆ ತುಂಬಿ ಕಳಿಸಿಯಾಗಿತ್ತು. ನಮ್ಮದನ್ನೂ ನೋಡಿ ಮಾತ್ರೆ ಬೇಕೋ ಬೇಡವೋ ಹೇಳುತ್ತಾರಂತೆ. ಕೂತಲ್ಲಿ ಕೂರದೆ ಚಡಪಡಿಸುತ್ತಾಳೆಯೇ? ವಸ್ತು ಕಳೆಯುತ್ತಾಳೆಯೇ? ಹೇಳಿದ್ದು ಕೇಳಿಸಿಕೊಳ್ಳದೆ ಇರುತ್ತಾಳೆಯೇ? ಪ್ರತಿಯೊಂದರ ಎದುರಿಗೂ ಮೂರು ಚೌಕ: ಇಲ್ಲ, ಕೆಲವೊಮ್ಮೆ, ಯಾವಾಗಲೂ.

"ಮಾತ್ರೆ ಕೊಟ್ರೆ ಮಗು ಮಂಕಾಗ್ಬಿಡುತ್ತೆ ಅತ್ತಿಗೆ. ನೀವು ಸ್ವಲ್ಪ ಬಿಗಿಯಾಗಿರಿ, ಸಾಕು," ಅಂತ ನಾದಿನಿ ಫೋನಿನಲ್ಲಿ ಉಪದೇಶ ಮಾಡಿದಳು. ಒಂದು ದಿನ ಬುಗುರಿಯನ್ನು ಇಟ್ಟುಕೊಂಡು ನೋಡಲಿ, ಆ ಬಿಗಿಯೆಲ್ಲ ಎಲ್ಲಿ ಹೋಗುತ್ತದೋ ನೋಡುತ್ತೇನೆ. ಗಂಡ "ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು" ಅಂದು ಕೈ ತೊಳೆದುಕೊಂಡರು. ನಾಳೆ ಏನಾದರೂ ಆದರೆ ತಪ್ಪು ನನ್ನ ತಲೆಗೆ. ಇದನ್ನೆಲ್ಲ ಶುರು ಮಾಡಿದ ಟೀಚರ್ ಮೇಲಂತೂ ಮೈಯೆಲ್ಲ ಉರಿಯುತ್ತಿತ್ತು. ಮಾತ್ರೆ ಅಂದರೆ ಭಯವೂ ಇತ್ತು. ಭಯವಾದಾಗಲೆಲ್ಲ ನನಗೆ ಬರುವುದು ಸಿಟ್ಟೇ. ಪೆನ್ನು ಒತ್ತಿ ಎಲ್ಲದಕ್ಕೂ "ಇಲ್ಲ" ಅಂತ ಗುರುತು ಹಾಕಿದೆ.

ಅಷ್ಟರಲ್ಲಿ ಬ್ಯಾಂಕಿನ ಮೇಡಂ ಪ್ಯಾಂಟಿನ ಅಳತೆ ಕೊಡಲು ಬಂದರು. ಟೇಪು ಸೊಂಟಕ್ಕೆ ಬಂದ ಕೂಡಲೇ ಎಲ್ಲರ ಹಾಗೆ ಹೊಟ್ಟೆ ಒಳಗೆ ಎಳೆದುಕೊಂಡರು.

"ಉಸಿರು ಬಿಡಿ ಮೇಡಂ. ಸುಳ್ಳು ಅಳತೆ ಕೊಟ್ರೆ ಆಮೇಲೆ ಕಷ್ಟಪಡೋರು ನೀವೇ," ಅಂದೆ. ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ಅವರನ್ನು ಕಳಿಸಿ ತಿರುಗಿದರೆ ಬುಗುರಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ಕೂತಿದ್ದಳು. ಕೈಯಲ್ಲಿ ಆ ಹಾಳೆ, ಬಾಯಲ್ಲಿ ಪೆನ್ಸಿಲ್. ದಾರದ ರೀಲುಗಳು ಬಾಗಿಲವರೆಗೂ ಉರುಳಿದ್ದವು.

"ಅದನ್ನ ಮುಟ್ಟು ಅಂತ ನಿಂಗ್ಯಾರೇ ಹೇಳಿದ್ದು? ನಿನ್ನಿಂದ ನನ್ನ ಜೀವ ಸಾಕಾಗಿ ಹೋಗಿದೆ."

ಹಾಳೆ ಕಿತ್ತುಕೊಂಡೆ. "ಯಾವಾಗಲೂ" ಚೌಕಗಳಲ್ಲಿ, ಮೇಲಿನಿಂದ ಕೊನೆಯವರೆಗೂ, ಪೆನ್ಸಿಲ್ ಗುರುತುಗಳಿದ್ದವು.

"ಇದ್ರಲ್ಲಿ ನೀನೂ ಹೊಟ್ಟೆ ಎಳ್ಕೊಂಡಿದೀಯಮ್ಮ," ಅಂದಳು. "ಸುಮ್ನೆ ಕೂರ್ಬೇಕು ಅಂತ ನಂಗೂ ಇರುತ್ತೆ. ಆಗಲ್ಲ. ಟೀಚರೂ ಬೈತಾರೆ, ನೀನೂ ಬೈತೀಯ. ಮಾತ್ರೆ ತಗೊಂಡ್ರೆ ಆಗುತ್ತೇನೋ."

ಬೆಳಗ್ಗೆಯಿಂದ ಊರಿನವರ ಮೇಲೆಲ್ಲ ಹರಿಹಾಯ್ದವಳು ಇವಳನ್ನು ಒಂದು ಮಾತು ಕೇಳಿರಲಿಲ್ಲ. ಅಷ್ಟೂ ಸಿಟ್ಟು ತಿರುಗಿ ನನ್ನ ಮೇಲೇ ಬಂತು.

ನನ್ನ "ಇಲ್ಲ"ಗಳನ್ನು ಒಂದೊಂದಾಗಿ ಹೊಡೆದುಹಾಕಿ, ಅವಳ ಗುರುತುಗಳ ಮೇಲೆ ಪೆನ್ನು ಓಡಿಸಿದೆ. ಹೇಳಿದ್ದು ಕೇಳಿಸಿಕೊಳ್ಳದೆ ಇರುತ್ತಾಳೆಯೇ ಅನ್ನುವಲ್ಲಿ ಕೈ ನಿಂತಿತು. ಆಗಲ್ಲ ಅಮ್ಮ ಅಂತ ಇವಳು ಎಷ್ಟು ಸಲ ಹೇಳಿದ್ದಳೋ. ಆ ಚೌಕದ ಎದುರು ಬರೆಯಬೇಕಾಗಿದ್ದದ್ದು ನನ್ನ ಹೆಸರು.

"ನಾಳೆ ಮಾತ್ರೆ ಕೇಳೋಣ," ಅಂದೆ. "ಡಾಕ್ಟರ ಹತ್ರ ನೀನೇ ಮಾತಾಡು. ನಾನು ಸುಮ್ನೆ ಕೂತಿರ್ತೀನಿ."