ಓಡುವ ಬೂಟು

ಮಂಚದ ಕೆಳಗೆ ಅರ್ಧ ಮೈ ತೂರಿಸಿ ಇವಳು ಗಂಡನ ಬೂಟು ಹುಡುಕುತ್ತಿದ್ದಳು. ಕೈಗೆ ಸಿಕ್ಕಿದ್ದು ಹಿಮ್ಮಡಿ ಸವೆದ ಮನೆ ಚಪ್ಪಲಿ ಮಾತ್ರ. ಕೋಟು ತೊಡಿಸಿ, ತಲೆ ಬಾಚಿ, ಅವನನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದಾಗಿತ್ತು; ಪಾದಗಳು ಬರಿದಾಗಿದ್ದವು. ಜೀವಮಾನವಿಡೀ ಊರಿನವರಿಗೆ ಬೂಟು ಹೊಲಿದವನನ್ನು ಬರಿಗಾಲಲ್ಲಿ ಕಳಿಸಿದರೆ ಜನ ಏನಂದುಕೊಂಡಾರು?

“ಅಂಗಡೀಲಿ ಒಂದು ಜೊತೆ ಇಟ್ಟೇ ಇರ್ತಾನೆ ಅತ್ತಿಗೆ, ಕಡೇ ದಿನಕ್ಕೆ ಅಂತ,” ಎಂದು ಮೈದುನ ಬೀಗದ ಕೈ ತೆಗೆದುಕೊಂಡು ಹೊರಟ.

ಅದೇ ಹೊತ್ತಿಗೆ ಗಂಡನ ಅಂಗಡಿ ಪಕ್ಕದ ಬೇಕರಿಯವಳು ಒಳಗೆ ಬಂದಳು. ಮುಖ ನೋಡುವ ಮೊದಲೇ ಇವಳ ಕಣ್ಣು ಅವಳ ಕಾಲಿಗೆ ಹೋಯಿತು. ಕಂದು ತೊಗಲಿನ ಬೂಟು, ದಪ್ಪ ಅಟ್ಟೆ, ಎರಡೆಳೆಯ ಹೊಲಿಗೆ. ಆ ಹೊಲಿಗೆ ಯಾರ ಕೈಯದೆಂದು ಇವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನ್ನ ಹಳೇ ಚಪ್ಪಲಿಗೆ ಅವನು ಬಾರು ಹಾಕಿಕೊಟ್ಟದ್ದುಂಟು. ಹೊಸದೊಂದು ಜೊತೆ ಹೊಲಿದುಕೊಟ್ಟದ್ದಿಲ್ಲ.

*

ಮದುವೆಯಾದ ಹೊಸದರಲ್ಲಿ ಊಟವಾದ ಮೇಲೆ ಅವನು ಸತ್ಯವೇದ ತೆರೆದು, ಇವಳನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳುತ್ತಿದ್ದ. ಕಡೇ ದಿನಗಳಲ್ಲಿ ಉತ್ತರದ ತುದಿಯಿಂದ ಗೋಗನೆಂಬವನು ಕುದುರೆ ಸೈನ್ಯ ಕಟ್ಟಿಕೊಂಡು ದಂಡೆತ್ತಿ ಬರುತ್ತಾನೆ, ದೇವರು ಆ ದಂಡಿನ ಮೇಲೆ ಬೆಂಕಿಯನ್ನೂ ಆಲಿಕಲ್ಲನ್ನೂ ಸುರಿಸಿ ನ್ಯಾಯ ತೀರಿಸುತ್ತಾನೆ. ಅಷ್ಟರೊಳಗೆ ನಂಬಿದವರು ಉಟ್ಟ ಬಟ್ಟೆಯಲ್ಲೇ ಬೆಟ್ಟಕ್ಕೆ ಓಡಿ ಸೇರಿಕೊಳ್ಳಬೇಕು. ಅದಕ್ಕೆ ಗಟ್ಟಿ ಬೂಟು ಬೇಕು ಎಂಬುದು ಅವನು ಸೇರಿಸಿದ ಮಾತು.

“ನಾನಂತೂ ಎಲ್ಲಿಗೂ ಓಡಲ್ಲಪ್ಪ,” ಅಂದಿದ್ದಳು ಇವಳು, ಪಾತ್ರೆ ಒರೆಸುತ್ತಾ. “ಸೈನ್ಯ ಬಂದ್ರೆ ಬಾಗಿಲು ಹಾಕ್ಕೊಂಡು ಮಲಗ್ತೀನಿ. ನೀವು ಹೋಗಿ.”

ಅವನು ನಗಲಿಲ್ಲ. ಪುಸ್ತಕ ಮುಚ್ಚಿಟ್ಟ. ಆಮೇಲೆ ಆ ಮಾತನ್ನು ಮನೆಯಲ್ಲಿ ಎತ್ತಲೇ ಇಲ್ಲ, ಅಂಗಡಿಯಲ್ಲಿ ಎತ್ತಿದ. ಕೇಳುವುದಕ್ಕೆ ಆಗೀಗ ನಾಲ್ಕು ಜನ ಬರುತ್ತಿದ್ದರು, ಬೇಕರಿಯವಳು ಮಾತ್ರ ದಿನವೂ. ಕೈಯ ಹಿಟ್ಟನ್ನೂ ಸರಿಯಾಗಿ ತೊಳೆಯದೆ ಓಡಿಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಇವಳು ಊಟದ ಡಬ್ಬಿ ಹಿಡಿದು ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಆ ಸೈನ್ಯ ಇವತ್ತೇ ಬರಲಿ, ಬಂದು ಬೇಕರಿಯಿಂದಲೇ ಶುರುಮಾಡಲಿ ಎಂದು ಇವಳು ಎಷ್ಟು ಸಲ ಹಾರೈಸಿದ್ದಳೋ.

*

ಮೈದುನ ಬರಿಗೈಯಲ್ಲಿ ವಾಪಸು ಬಂದ. ಅಂಗಡಿಯಲ್ಲಿ ಇದ್ದದ್ದೆಲ್ಲ ಗಿರಾಕಿಗಳವೇ, ಅಣ್ಣನ ಅಳತೆಯದು ಒಂದೂ ಇಲ್ಲವೆಂದ.

ಇವಳಿಗೆ ಇನ್ನು ತಡೆಯಲಾಗಲಿಲ್ಲ. ಪೆಟ್ಟಿಗೆಯ ಆಚೆ ನಿಂತಿದ್ದ ಬೇಕರಿಯವಳ ಕಡೆ ತಿರುಗಿದಳು. “ನಿಂಗೆ ಚೆನ್ನಾಗಿ ಹೊಲಿದುಕೊಟ್ಟಿದಾರೆ.”

“ಬೆಟ್ಟಕ್ಕೆ ಓಡೋಕೆ ಅಂತ, ಅಕ್ಕ. ನಂಬಿದೋರಿಗೆಲ್ಲ ಹೊಲಿದುಕೊಟ್ರು. ಇವತ್ತು ಅವರ ಹಿಂದೆ ನಡೆಯೋಣ ಅಂತ ಹಾಕ್ಕೊಂಡು ಬಂದೆ.”

“ಹಾಗಾದ್ರೆ ತಮಗೂ ಹೊಲ್ಕೊಂಡಿರ್ತಾರೆ. ಎಲ್ಲಿಟ್ಟಿದಾರೆ ಅಂತ ನಿಂಗೇ ಗೊತ್ತಿರುತ್ತೆ, ಹೇಳು.”

ಬೇಕರಿಯವಳು ತನ್ನ ಬೂಟನ್ನೇ ನೋಡುತ್ತಾ ನಿಂತಳು.

“ಹೊಲ್ಕೊಳ್ಳಲಿಲ್ಲ ಅಕ್ಕ. ‘ನಿಮಗೆ ಬೇಡ್ವಾ ಅಣ್ಣ’ ಅಂತ ಎಷ್ಟು ಸಲ ಕೇಳಿದೀನಿ. ‘ಅವಳು ಓಡಲ್ಲ ಅಂದಿದಾಳೆ, ನಂಗ್ಯಾಕೆ ಬೂಟು’ ಅಂದ್ರು. ನಾವೆಲ್ಲ ಬೆಟ್ಟಕ್ಕೆ ಹೋಗ್ಬೇಕಂತೆ, ಅವರು ನಿಮ್ಮ ಜೊತೆ ಬಾಗಿಲು ಹಾಕ್ಕೊಂಡು ಇರ್ತಾರಂತೆ.” ಅವಳು ಮೂಗು ಒರೆಸಿಕೊಂಡಳು. “ಅವತ್ತು ನಿಮ್ಮನ್ನ ನೆನೆಸಿಕೊಂಡು ಎಷ್ಟು ಹೊಟ್ಟೆ ಉರೀತು ಗೊತ್ತಾ.”

ಮೈದುನ ತನ್ನ ಬೂಟನ್ನೇ ಬಿಚ್ಚಿಕೊಡಲು ಬಗ್ಗಿದ. ಇವಳು ಬೇಡವೆಂದು ತಡೆದಳು. ಪೆಟ್ಟಿಗೆಯ ಬುಡದಲ್ಲಿ ಕೂತು, ಮನೆ ಚಪ್ಪಲಿಯ ಧೂಳನ್ನು ಅಂಗೈಯಿಂದ ಒರೆಸಿ, ಒಂದೊಂದೇ ಪಾದಕ್ಕೆ ತೊಡಿಸಿದಳು. ಬೇಕರಿಯವಳು ನೋಡುತ್ತಿದ್ದಾಳೆಂದು ಗೊತ್ತಿದ್ದೇ, ನಿಧಾನವಾಗಿ ತೊಡಿಸಿದಳು. ಅಟ್ಟೆ ತೆಳ್ಳಗಾಗಿ ಪಟ್ಟಿ ಸಡಿಲಾದ ಚಪ್ಪಲಿ. ಅದನ್ನು ಹಾಕಿಕೊಂಡು ಅಡುಗೆಮನೆಯಿಂದ ಬೀದಿ ಬಾಗಿಲವರೆಗೆ ಹೋಗಿ, ಅಗುಳಿ ಹಾಕಿ, ವಾಪಸು ಬರಬಹುದಿತ್ತು, ಅಷ್ಟೇ.